ಮಗುವಿನ ತೋಳು ಮತ್ತು ಎಸೆತಗಳ ಲೆಕ್ಕ



ಕಳೆದ ವಸಂತದಲ್ಲಿ ಮೂರು ತಿಂಗಳ ಕಾಲ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿರುವ ಮಗಳ ಮನೆಯಲ್ಲಿದ್ದು ಬಂದೆ. ಪ್ರವಾಸದ ವಿಷಯವಾಗಿ ಏನನ್ನೂ ಬರೆಯಲಿಲ್ಲವೇಕೆ ಎಂದು ನಿಮ್ಮಲ್ಲಿ ಕೆಲವರು ವಿಚಾರಿಸಿದ್ದೀರಿ. ನೋಡಿದ ಸ್ಥಳಗಳ ವರ್ಣನೆಯನ್ನು ಇನ್ನೊಮ್ಮೆ ಬರೆಯುವೆ. ಇಂದು ಬರೆಯಹೊರಟಿರುವುದು ಅಲ್ಲಿ ಒಂದು ಭಾನುವಾರ ಮನೆಯೊಳಗೆ ನಡೆದ ಸಣ್ಣ ಮನಸ್ತಾಪದ ವಿಷಯ. ಅದರ ಮೂಲದಲ್ಲಿದ್ದುದು 12 ವರ್ಷದ ನನ್ನ ಮೊಮ್ಮಗನ ಬಲಗೈ.

ಮೊಮ್ಮಗನು ಬೇಸ್‌ಬಾಲ್ ಆಡುತ್ತಾನೆ. ಅವನು ಪಿಚರ್, ಎಂದರೆ ಚೆಂಡನ್ನು ಎಸೆಯುವವನು. ಈ ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು ಹೇಳುತ್ತೇನೆ. ಕ್ರಿಕೆಟ್ಟಿನಲ್ಲಿ ಒಬ್ಬ ಬೌಲರ್ ಆರು ಚೆಂಡು ಎಸೆದ ಮೇಲೆ ಇನ್ನೊಬ್ಬನು ಇನ್ನೊಂದು ತುದಿಯಿಂದ ಎಸೆಯುತ್ತಾನೆ. ಮೊದಲಿನವನಿಗೆ ಅಷ್ಟು ಹೊತ್ತು ವಿರಾಮ. ಬೇಸ್‌ಬಾಲಿನಲ್ಲಿ ಹಾಗಲ್ಲ. ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತ ಪಿಚರ್, ಎದುರು ತಂಡದ ಒಬ್ಬೊಬ್ಬ ದಾಂಡಿಗನಿಗೂ ತಾನೇ ಎಸೆಯಬೇಕು. ಕೋಚ್ ಅವನನ್ನು ಬದಲಿಸುವ ತನಕ ದಿಬ್ಬ ಅವನದೇ. ಒಳ್ಳೆಯ ಪಿಚರ್ ಸಿಕ್ಕಿದರೆ ಮಕ್ಕಳ ತಂಡವೊಂದು ಅರ್ಧ ಗೆದ್ದಂತೆಯೇ ಸರಿ. ಆದ್ದರಿಂದ ಅಂಥ ಹುಡುಗನನ್ನು ಬದಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಅಂದಿನ ಪ್ರಸಂಗ ಇಷ್ಟು. ಶನಿವಾರ ಲಿಟಲ್ ಲೀಗ್ ಪಂದ್ಯದಲ್ಲಿ ಹುಡುಗ 71 ಎಸೆತಗಳನ್ನು ಎಸೆದಿದ್ದ. ಆ ಸಂಸ್ಥೆಯ ನಿಯಮದಂತೆ ಅವನು ಮುಂದಿನ ನಾಲ್ಕು ದಿನ ಪಿಚ್ ಮಾಡುವಂತಿರಲಿಲ್ಲ. ಆದರೆ ಅವನು ಊರೂರು ಸುತ್ತಿ ಪಂದ್ಯಾವಳಿ ಆಡುವ ಇನ್ನೊಂದು ತಂಡದಲ್ಲಿಯೂ ಇದ್ದಾನೆ. ಆ ತಂಡ ಭಾನುವಾರ ಫೈನಲ್ ತಲುಪಿತ್ತು. ಬೆಳಿಗ್ಗೆ ಕೋಚ್‌ರಿಂದ ದೂರವಾಣಿ ಬಂತು. "ಎರಡೇ ಇನ್ನಿಂಗ್ಸ್ ಸಾಕಂತೆ ಮಾವ, ಇವನೊಬ್ಬನನ್ನೇ ನಂಬಿಕೊಂಡಿದ್ದಾರೆ" ಎಂದರು ಅಳಿಯಂದಿರು. "ಲಿಟಲ್ ಲೀಗಿನ ನಿಯಮ ಈ ತಂಡಕ್ಕೆ ಅನ್ವಯಿಸುವುದಿಲ್ಲವಂತೆ" ಎಂದೂ ಸೇರಿಸಿದರು. ಮಗಳು ಬೇಡವೆಂದಳು. ಹುಡುಗನನ್ನು ಕೇಳಿದಾಗ, "ಏನೂ ನೋವಿಲ್ಲ ತಾತ, ಸ್ವಲ್ಪ ಬಿಗಿಯಾಗಿದೆ ಅಷ್ಟೆ" ಎಂದ. ಹಾಗೆ ಹೇಳುವಾಗ ಎಡಗೈಯಿಂದ ಬಲ ಮೊಣಕೈಯ ಒಳಬದಿಯನ್ನು ಒತ್ತಿಕೊಳ್ಳುತ್ತಿದ್ದ. ಕೊನೆಗೆ ಮೂವರೂ ನನ್ನ ಮುಖ ನೋಡಿದರು.

ನನಗೆ ಆಗ ನೆನಪಾದದ್ದು ಬೇಸ್‌ಬಾಲ್ ಅಲ್ಲ. ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ 1980ರ ದಶಕದ ಒಂದು ಮಧ್ಯಾಹ್ನ. ನಮ್ಮ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಬಿದ್ದಿತ್ತು. ಕ್ರಿಕೆಟ್ ತಂಡದ ಜವಾಬ್ದಾರಿ ನನ್ನ ಹೆಗಲಿಗೆ ಬಿತ್ತು. ಹತ್ತನೆಯ ತರಗತಿಯ ಹುಡುಗನೊಬ್ಬ ಒಳ್ಳೆಯ ವೇಗದ ಬೌಲರ್ ಆಗಿದ್ದ. ದಿನವೂ ಪಕ್ಕದ ಹಳ್ಳಿಯಿಂದ ಮೂರು ಮೈಲಿ ನಡೆದು ಶಾಲೆಗೆ ಬರುವವನು. ಅಂತರಶಾಲಾ ಪಂದ್ಯಾವಳಿಯಲ್ಲಿ ಮೂರು ದಿನ ಒಂದು ತುದಿಯಿಂದ ಅವನೊಬ್ಬನಿಂದಲೇ ಬೌಲ್ ಮಾಡಿಸಿದೆ. ನಡುವೆ ಅವನು ಸೊಂಟ ಹಿಡಿದುಕೊಂಡು ನಿಂತದ್ದನ್ನು ಕಂಡು, "ನೋಯುತ್ತಿದೆಯೇನೋ?" ಎಂದು ಕೇಳಿದೆ. "ಇಲ್ಲ ಸಾರ್" ಎಂದ. ನಾನು ನಂಬಿದೆ, ನಂಬುವುದು ನನಗೆ ಅನುಕೂಲವಾಗಿತ್ತು. ಕಪ್ಪು ನಮ್ಮ ಶಾಲೆಗೆ ಬಂತು. ಹುಡುಗ ಮುಂದಿನ ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲು ಕಷ್ಟಪಟ್ಟ. ಬೆನ್ನುಮೂಳೆಯಲ್ಲಿ ಬಿರುಕು ಬಿಟ್ಟಿದೆಯೆಂದು ಮೈಸೂರಿನ ವೈದ್ಯರೊಬ್ಬರು ಹೇಳಿದರಂತೆ. ಮುಂದೆಂದೂ ಅವನು ವೇಗವಾಗಿ ಬೌಲ್ ಮಾಡಲಿಲ್ಲ. ಗಣಿತದ ಮೇಷ್ಟ್ರಾಗಿದ್ದ ನಾನು ತಂಡದ ರನ್ನುಗಳನ್ನು, ಬಸ್ಸಿನ ಖರ್ಚನ್ನು, ಊಟದ ಪೊಟ್ಟಣಗಳನ್ನು ಎಣಿಸಿದ್ದೆ. ಅವನ ಓವರುಗಳನ್ನು ಮಾತ್ರ ಎಣಿಸಿರಲಿಲ್ಲ.

ಈ ಕಥೆಯನ್ನು ಅಳಿಯಂದಿರಿಗೆ ಹೇಳಿ, "ಹುಡುಗ ಇಂದು ಎಸೆಯುವುದು ಬೇಡ" ಎಂದೆ. ಅವರು ಮರುಮಾತಾಡದೆ ಕೋಚ್‌ರಿಗೆ ತಿಳಿಸಿದರು. ತಂಡ ಸೋತಿತು. ಮೊಮ್ಮಗ ಎರಡು ದಿನ ನನ್ನೊಡನೆ ಮಾತು ಬಿಟ್ಟ. ಆ ಎರಡು ದಿನಗಳಲ್ಲಿ, ನಾನು ಹೇಳಿದ್ದು ಸರಿಯೇ ಅಥವಾ ಹಳೆಯ ತಪ್ಪಿನ ಭಾರವನ್ನು ಈ ಹುಡುಗನ ಮೇಲೆ ಇಳಿಸಿದೆನೇ ಎಂದು ತಿಳಿಯಲು ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಭಾರತಕ್ಕೆ ಮರಳಿದ ಮೇಲೂ ಓದಿದೆ. ಅದರ ಸಾರವನ್ನು, ಜೊತೆಗೆ ನನ್ನ ಅಭಿಪ್ರಾಯವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ದೇಹದ ವಿಷಯ. ಕ್ರಿಕೆಟ್ ಬೌಲರ್ ಚೆಂಡು ಬಿಡುವಾಗ ಮೊಣಕೈಯನ್ನು 15 ಡಿಗ್ರಿಗಿಂತ ಹೆಚ್ಚು ನೇರಗೊಳಿಸುವಂತಿಲ್ಲ. ಅವನ ಓಟ, ಜಿಗಿತ, ತಿರುವುಗಳ ಭಾರ ಹೆಚ್ಚಾಗಿ ಬೀಳುವುದು ಬೆನ್ನಿನ ಕೆಳಭಾಗದ ಮೇಲೆ. ನನ್ನ ವಿದ್ಯಾರ್ಥಿಗೆ ಆದದ್ದೂ ಅದೇ. ಪಿಚರ್‌ನದು ನಿಜವಾದ ಎಸೆತ. ಮಡಿಸಿದ ತೋಳು ಮೊದಲು ಹಿಂದಕ್ಕೆ ಬಾಗುತ್ತದೆ, ಬಳಿಕ ಚಾಟಿ ಬೀಸಿದಂತೆ ಮುಂದಕ್ಕೆ ಬರುತ್ತದೆ. ಆ ಕ್ಷಣದಲ್ಲಿ ಮೊಣಕೈಯ ಒಳಬದಿ ಬಾಯ್ದೆರೆಯಲು ಯತ್ನಿಸುತ್ತದೆ. ಅದನ್ನು ಹಿಡಿದಿಡುವುದು ಮೇಲ್ದೋಳಿನ ಮೂಳೆಯನ್ನೂ ಮುಂಗೈ ಮೂಳೆಯನ್ನೂ ಜೋಡಿಸುವ ಒಂದು ಚಿಕ್ಕ ಅಸ್ಥಿರಜ್ಜು ಮತ್ತು ಸುತ್ತಲಿನ ಸ್ನಾಯುಗಳು. ಸ್ನಾಯುಗಳು ದಣಿದಾಗ ಅವುಗಳ ಪಾಲಿನ ಭಾರವೂ ಅಸ್ಥಿರಜ್ಜುವಿನ ಮೇಲೆ ಬೀಳುತ್ತದೆ. ದಣಿದ ತೋಳಿನ ಎಸೆತ ಬರಿಯ ದುರ್ಬಲ ಎಸೆತವಲ್ಲ, ಅಪಾಯದ ಎಸೆತವೂ ಹೌದು ಎನ್ನುವುದು ಈ ಕಾರಣಕ್ಕೆ.

ಮಕ್ಕಳಲ್ಲಿ ಇನ್ನೊಂದು ತೊಡಕಿದೆ. ಅವರ ಮೂಳೆಗಳ ತುದಿಯಲ್ಲಿ ಬೆಳವಣಿಗೆ ನಡೆಯುವ ಮೃದ್ವಸ್ಥಿಯ ಪದರವಿರುತ್ತದೆ. ಅದು ಗಟ್ಟಿಯಾದ ಮೂಳೆಯಾಗುವುದು ಹದಿವಯಸ್ಸು ಮುಗಿಯುತ್ತ ಬಂದ ಹಾಗೆ. ಅಲ್ಲಿಯವರೆಗೆ ಎಸೆತದ ಎಳೆತಕ್ಕೆ ಮೊದಲು ಸೋಲುವುದು ಆ ಪದರವೇ. ಅಮೆರಿಕದ ವೈದ್ಯರು ಇದನ್ನು 'ಲಿಟಲ್ ಲೀಗ್ ಮೊಣಕೈ' ಎಂದೇ ಕರೆಯುತ್ತಾರೆ. 1960ರಷ್ಟು ಹಿಂದೆಯೇ ವೈದ್ಯಕೀಯ ಬರಹಗಳಲ್ಲಿ ಈ ಹೆಸರು ಬಂದಿದೆ. ಸಕಾಲದಲ್ಲಿ ವಿಶ್ರಾಂತಿ ಕೊಟ್ಟರೆ ಬಹುತೇಕ ಗುಣವಾಗುವ ತೊಂದರೆ ಇದು. ಕೊಡದಿದ್ದರೆ ಮೂಳೆಯ ತುಣುಕು ಕಿತ್ತುಬರುವುದೂ ಉಂಟು.

ದೊಡ್ಡವರಲ್ಲಿ ಅಸ್ಥಿರಜ್ಜುವೇ ಹರಿಯುತ್ತದೆ. 1974ರವರೆಗೆ ಇದಕ್ಕೆ ಚಿಕಿತ್ಸೆಯಿರಲಿಲ್ಲ. ತೋಳು 'ಸತ್ತಿತು' ಎಂದು ಹೇಳಿ ಆಟಗಾರ ಮನೆಗೆ ಹೋಗುತ್ತಿದ್ದ. ಆ ವರ್ಷದ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಟಾಮಿ ಜಾನ್ ಎಂಬ ಪಿಚರ್‌ಗೆ ಡಾ. ಫ್ರ್ಯಾಂಕ್ ಜೋಬ್ ಎಂಬ ಶಸ್ತ್ರವೈದ್ಯರು, ಬಲಗೈಯಿಂದ ತೆಗೆದ ಸ್ನಾಯುರಜ್ಜುವನ್ನು ಎಡ ಮೊಣಕೈಗೆ ಕಸಿಮಾಡಿದರು. ಟಾಮಿ ಜಾನ್ 1976ರಲ್ಲಿ ಮರಳಿ ಕಣಕ್ಕಿಳಿದು, 1989ರವರೆಗೆ ಆಡಿ, ಶಸ್ತ್ರಚಿಕಿತ್ಸೆಯ ನಂತರವೇ 164 ಪಂದ್ಯಗಳನ್ನು ಗೆದ್ದುಕೊಟ್ಟ. ವೈದ್ಯಲೋಕದ ದೊಡ್ಡ ಸಾಧನೆ ಇದು, ಸಂದೇಹವಿಲ್ಲ. ಆದರೆ ಈ ಸಾಧನೆ ತಂದೆತಾಯಿಗಳಲ್ಲಿ ಒಂದು ಹುಸಿ ಧೈರ್ಯವನ್ನೂ ತುಂಬಿದೆ. ಕೈ ಕೆಟ್ಟರೆ ರಿಪೇರಿ ಮಾಡಿಸಿದರಾಯಿತು ಎಂಬ ಭಾವನೆ. ರಿಪೇರಿಯಾದ ಕೈ ಮೊದಲಿಗಿಂತ ವೇಗವಾಗಿ ಎಸೆಯುತ್ತದೆ ಎಂಬ ತಪ್ಪು ನಂಬಿಕೆಯೂ ಅಲ್ಲಿ ಸಾಕಷ್ಟು ಹರಡಿದೆ. 2007ರಿಂದ 2011ರವರೆಗೆ ಅಮೆರಿಕದಲ್ಲಿ ನಡೆದ ಇಂಥ ಶಸ್ತ್ರಚಿಕಿತ್ಸೆಗಳ ದಾಖಲೆಗಳನ್ನು ಪರಿಶೀಲಿಸಿದ ಒಂದು ಅಧ್ಯಯನದಲ್ಲಿ, ಅರ್ಧಕ್ಕಿಂತ ಹೆಚ್ಚು ರೋಗಿಗಳು 15ರಿಂದ 19 ವರ್ಷದವರಾಗಿದ್ದರು. ವೃತ್ತಿಪರ ಆಟಗಾರನಿಗಾಗಿ ಹುಟ್ಟಿದ ಚಿಕಿತ್ಸೆ ಶಾಲೆಯ ಹುಡುಗರ ಚಿಕಿತ್ಸೆಯಾಗಿಬಿಟ್ಟಿದೆ.

ಹಾಗಾದರೆ ಮಿತಿಯೆಷ್ಟು? ಲಿಟಲ್ ಲೀಗ್ ಸಂಸ್ಥೆ ಮೊದಲು ಇನ್ನಿಂಗ್ಸ್‌ಗಳನ್ನು ಎಣಿಸುತ್ತಿತ್ತು. ಒಂದು ಇನ್ನಿಂಗ್ಸ್ ಎಂಟು ಎಸೆತಗಳಲ್ಲಿಯೂ ಮುಗಿಯಬಹುದು, ನಲವತ್ತರಲ್ಲಿಯೂ ಮುಗಿಯಬಹುದು. ಆ ಅಳತೆಯಿಂದ ತೋಳಿನ ಶ್ರಮ ತಿಳಿಯದು. 2007ರಿಂದ ಎಸೆತಗಳನ್ನೇ ಎಣಿಸುವ ನಿಯಮ ಬಂತು. 7–8 ವರ್ಷದವರಿಗೆ ದಿನಕ್ಕೆ 50, 9–10 ವರ್ಷದವರಿಗೆ 75, 11–12 ವರ್ಷದವರಿಗೆ 85. ಎಸೆದಷ್ಟಕ್ಕೆ ತಕ್ಕ ವಿಶ್ರಾಂತಿಯೂ ಕಡ್ಡಾಯ. 14 ವರ್ಷದವರೆಗಿನ ಮಕ್ಕಳಿಗೆ 21ರಿಂದ 35 ಎಸೆತಗಳಾದರೆ ಒಂದು ದಿನ, 36ರಿಂದ 50 ಆದರೆ ಎರಡು, 51ರಿಂದ 65 ಆದರೆ ಮೂರು, 66 ಮತ್ತು ಅದಕ್ಕೂ ಮೇಲಾದರೆ ನಾಲ್ಕು ದಿನ. ಮುಂದೆ 2014ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯು.ಎಸ್.ಎ. ಬೇಸ್‌ಬಾಲ್ ಸಂಸ್ಥೆಗಳು ಸೇರಿ 'ಪಿಚ್ ಸ್ಮಾರ್ಟ್' ಎಂಬ ಮಾರ್ಗಸೂಚಿಯನ್ನು ಹೊರತಂದವು. ನನ್ನ ಮೊಮ್ಮಗನ ವಯಸ್ಸಿನವರು ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಕೈಯೆತ್ತಿ ಎಸೆಯುವ ಕೆಲಸವನ್ನೇ ಬಿಡಬೇಕು, ಒಂದೇ ಕಾಲದಲ್ಲಿ ಎರಡು ತಂಡಗಳಿಗೆ ಪಿಚ್ ಮಾಡಬಾರದು ಎಂಬುದು ಅದರ ಸಲಹೆ.

ಈ ಮಿತಿಗಳನ್ನು ಹೆದರಿದ ಮುದುಕರು ಕುಳಿತು ಕಲ್ಪಿಸಿದ್ದಲ್ಲ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಕ್ರೀಡಾವೈದ್ಯಕೀಯ ಸಂಶೋಧನ ಸಂಸ್ಥೆಯೊಂದರ ಗ್ಲೆನ್ ಫ್ಲೈಸಿಗ್ ಮತ್ತು ಸಂಗಡಿಗರು 481 ಬಾಲ ಪಿಚರ್‌ಗಳನ್ನು ಹತ್ತು ವರ್ಷ ಹಿಂಬಾಲಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ವರ್ಷವೊಂದರಲ್ಲಿ 100 ಇನ್ನಿಂಗ್ಸ್‌ಗಿಂತ ಹೆಚ್ಚು ಪಿಚ್ ಮಾಡಿದ ಹುಡುಗರಿಗೆ ಗಂಭೀರ ಗಾಯವಾಗುವ ಸಂಭವ ಉಳಿದವರಿಗಿಂತ 3.5 ಪಟ್ಟು ಹೆಚ್ಚಾಗಿತ್ತು. 2006ರ ಇನ್ನೊಂದು ಅಧ್ಯಯನ ಶಸ್ತ್ರಚಿಕಿತ್ಸೆಗೊಳಗಾದ ಹುಡುಗರನ್ನು ಗಾಯವಿಲ್ಲದವರೊಡನೆ ಹೋಲಿಸಿತು. ತೋಳು ದಣಿದ ಮೇಲೂ ಎಸೆಯುವ ರೂಢಿಯಿದ್ದವರಲ್ಲಿ ಅಪಾಯ 36 ಪಟ್ಟು! ಈ ಸಂಖ್ಯೆಯನ್ನು ನಾನು ಎರಡು ಸಲ ಓದಿದೆ.

ಈಗ ಜಪಾನಿಗೆ ಬರೋಣ. ಏಕೆಂದರೆ ಈ ಪ್ರಶ್ನೆ ಅತ್ಯಂತ ತೀವ್ರವಾಗಿ ಎದ್ದದ್ದು ಅಲ್ಲಿ. ಅಲ್ಲಿ ಪ್ರೌಢಶಾಲೆಗಳ ರಾಷ್ಟ್ರೀಯ ಬೇಸ್‌ಬಾಲ್ ಪಂದ್ಯಾವಳಿ ಕೊಶಿಯೆನ್ ಎಂಬ ಕ್ರೀಡಾಂಗಣದಲ್ಲಿ ನಡೆಯುತ್ತದೆ. ನಾಡಿಗೆ ನಾಡೇ ಅದನ್ನು ನೋಡುತ್ತದೆ. 1998ರಲ್ಲಿ ದೈಸುಕೆ ಮತ್ಸುಝಕ ಎಂಬ ಹುಡುಗ 17 ಇನ್ನಿಂಗ್ಸ್‌ಗಳ ಒಂದೇ ಪಂದ್ಯದಲ್ಲಿ 250 ಎಸೆತಗಳನ್ನು ಎಸೆದು ವೀರನೆನಿಸಿಕೊಂಡ. 2013ರ ವಸಂತದಲ್ಲಿ 16 ವರ್ಷದ ತೊಮೊಹಿರೊ ಅನ್ರಾಕು ಐದು ಪಂದ್ಯಗಳಲ್ಲಿ 772 ಎಸೆತಗಳನ್ನು ಎಸೆದಾಗ ಅಮೆರಿಕದ ಪತ್ರಿಕೆಗಳು ಬೆಚ್ಚಿಬಿದ್ದವು. ಅದೇ ವರ್ಷ ಅವನ ತೋಳಿಗೆ ತೊಂದರೆ ಬಂತು.

ಆಮೇಲೆ ಬಂದದ್ದು 2019ರ ಜುಲೈ. ಇವಾತೆ ಪ್ರಾಂತ್ಯದ ಓಫುನಾತೊ ಎಂಬ ಊರಿನ ಸರ್ಕಾರಿ ಪ್ರೌಢಶಾಲೆ, 35 ವರ್ಷಗಳ ಮೇಲೆ ಬೇಸಿಗೆಯ ಕೊಶಿಯೆನ್‌ಗೆ ಹೋಗಲು ಒಂದೇ ಒಂದು ಪಂದ್ಯ ಗೆಲ್ಲಬೇಕಾಗಿತ್ತು. ಆ ತಂಡದ ಪಿಚರ್ ರೋಕಿ ಸಸಾಕಿ. ಆ ವರ್ಷವೇ ಗಂಟೆಗೆ 163 ಕಿಲೋಮೀಟರ್ ವೇಗದಲ್ಲಿ ಎಸೆದಿದ್ದ 17 ವರ್ಷದ ಹುಡುಗ. 2011ರ ತ್ಸುನಾಮಿಯಲ್ಲಿ ತಂದೆಯನ್ನು ಕಳೆದುಕೊಂಡವನು. ದೊಡ್ಡ ಖಾಸಗಿ ಶಾಲೆಗಳಿಗೆ ಹೋಗದೆ ತನ್ನ ಸೀಮೆಯ ಗೆಳೆಯರೊಂದಿಗೆ ಆಡುತ್ತಿದ್ದವನು. ಫೈನಲ್‌ಗೆ ನಾಲ್ಕು ದಿನ ಮೊದಲು 194 ಎಸೆತ, ಹಿಂದಿನ ದಿನ 129 ಎಸೆತ ಎಸೆದಿದ್ದ. ಫೈನಲ್ ದಿನ ಕೋಚ್ ಯೋಹೆಯ್ ಕೊಕುಬೊ ಅವನನ್ನು ಆಡಿಸಲಿಲ್ಲ. ತಂಡ 12–2 ಅಂತರದಿಂದ ಸೋತಿತು. ದೇಶವೇ ಎರಡು ಪಕ್ಷವಾಯಿತು. ಶಾಲೆಗೆ ದೂರವಾಣಿಯಲ್ಲಿ ದೂರುಗಳ ಸುರಿಮಳೆಯಾಯಿತು. ಮರುವರ್ಷ, 2020ರಿಂದ, ಜಪಾನಿನ ಪ್ರೌಢಶಾಲಾ ಬೇಸ್‌ಬಾಲ್ ಒಕ್ಕೂಟ ಪಿಚರ್‌ಗೆ ವಾರಕ್ಕೆ 500 ಎಸೆತಗಳ ಮಿತಿಯನ್ನು ತಂದಿತು. ಹದಿಹರೆಯದವರಿಗೆ 500 ನನಗೆ ಈಗಲೂ ಬಹಳವೆನಿಸುತ್ತದೆ. ಆದರೂ ಮಿತಿಯೇ ಇಲ್ಲದ ಕಡೆ ಒಂದು ಮಿತಿ ಬಂದದ್ದು ಸಣ್ಣ ಮಾತಲ್ಲ.

ಸಸಾಕಿ ವೃತ್ತಿಪರ ತಂಡ ಸೇರಿದ ಮೊದಲ ವರ್ಷ, 2020ರಲ್ಲಿ, ಅವನನ್ನು ಒಂದು ಅಧಿಕೃತ ಪಂದ್ಯದಲ್ಲಿಯೂ ಆಡಿಸದೆ ದೇಹ ಬೆಳೆಯಲು ಬಿಟ್ಟರು. 2022ರ ಏಪ್ರಿಲ್ 10ರಂದು, 20ನೆಯ ವಯಸ್ಸಿನಲ್ಲಿ, ಎದುರಾಳಿಗಳಲ್ಲಿ ಒಬ್ಬನಿಗೂ ಮೊದಲ ಬೇಸ್ ಮುಟ್ಟಲು ಬಿಡದ 'ಪರ್ಫೆಕ್ಟ್ ಗೇಮ್' ಎಸೆದ. 2025ರಲ್ಲಿ ಡಾಡ್ಜರ್ಸ್ ತಂಡ ಸೇರಿದ.

ಇಲ್ಲಿಗೆ ಕಥೆ ನಿಲ್ಲಿಸಿದರೆ ನನ್ನ ವಾದ ಗೆದ್ದಂತೆ ಕಾಣುತ್ತದೆ. ಆದರೆ ಅದು ಪ್ರಾಮಾಣಿಕತೆಯಾಗದು. ಅದೇ 2025ರಲ್ಲಿ ಸಸಾಕಿ ಭುಜದ ತೊಂದರೆಯಿಂದ ತಿಂಗಳುಗಟ್ಟಲೆ ಆಟದಿಂದ ಹೊರಗುಳಿದ. ವಾಷಿಂಗ್ಟನ್ ತಂಡದ ಸ್ಟೀಫನ್ ಸ್ಟ್ರಾಸ್‌ಬರ್ಗ್ ವಿಷಯವೂ ಹೀಗೆಯೇ. ಶಸ್ತ್ರಚಿಕಿತ್ಸೆಯಿಂದ ಮರಳಿದ್ದ ಅವನನ್ನು 2012ರಲ್ಲಿ 159 ಚಿಲ್ಲರೆ ಇನ್ನಿಂಗ್ಸ್‌ಗಳ ನಂತರ, ತಂಡ ಪ್ರಶಸ್ತಿಯ ಹಾದಿಯಲ್ಲಿದ್ದಾಗಲೇ ನಿಲ್ಲಿಸಿದರು. ತಂಡ ಸೋತಿತು. 2019ರಲ್ಲಿ ಅವನೇ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರನಾದ. ಬಳಿಕ ಗಾಯಗಳಿಂದ ಜರ್ಜರಿತನಾಗಿ 2024ರಲ್ಲಿ ನಿವೃತ್ತನಾದ. ಎಣಿಕೆಯೆಂಬುದು ತಾಯಿತವಲ್ಲ. ಮೇಜರ್ ಲೀಗ್ ಬೇಸ್‌ಬಾಲ್ 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿ, ವೇಗದ ಬೆನ್ನುಹತ್ತಿ ಪ್ರತಿಯೊಂದು ಎಸೆತಕ್ಕೂ ಪೂರ್ಣ ಬಲ ಹಾಕುವ ಇಂದಿನ ರೂಢಿಯನ್ನೇ ಗಾಯಗಳ ಮುಖ್ಯ ಕಾರಣಗಳಲ್ಲಿ ಒಂದೆಂದು ಗುರುತಿಸಿದೆ. ಐವತ್ತು ಎಸೆತಗಳೆಲ್ಲ ಒಂದೇ ತೂಕದವಲ್ಲ ಎಂಬುದು ನಿಜ.

"ಹಿಂದಿನವರು ಎಷ್ಟು ಎಸೆಯುತ್ತಿದ್ದರು, ಅವರಿಗೇನಾಯಿತು?" ಎಂಬುದು ಇನ್ನೊಂದು ಆಕ್ಷೇಪಣೆ. ಟೆಕ್ಸಸ್‌ನವರು ಇದಕ್ಕೆ ನೋಲನ್ ರಯಾನ್ ಅವರನ್ನು ತೋರಿಸುತ್ತಾರೆ. 27 ಋತುಗಳು ಆಡಿದ ಉಕ್ಕಿನ ತೋಳು ಅದು. ನಾನು ಸ್ಯಾಂಡಿ ಕೋಫ್ಯಾಕ್ಸ್ ಅವರನ್ನು ತೋರಿಸುತ್ತೇನೆ. 1966ರಲ್ಲಿ 323 ಇನ್ನಿಂಗ್ಸ್ ಎಸೆದು, 27 ಪಂದ್ಯ ಗೆದ್ದು, ಅದೇ ವರ್ಷ ಮೊಣಕೈ ಸಂಧಿವಾತದಿಂದ 30ನೆಯ ವಯಸ್ಸಿಗೇ ಆಟ ಬಿಟ್ಟರು. ಉಳಿದುಬಂದವರನ್ನು ನಾವು ಎಣಿಸುತ್ತೇವೆ. ಹದಿನಾಲ್ಕನೆಯ ವಯಸ್ಸಿಗೇ ಕೈ ಕಳೆದುಕೊಂಡು ಮನೆಗೆ ಹೋದವರ ಪಟ್ಟಿಯನ್ನು ಯಾರೂ ಬರೆದಿಡುವುದಿಲ್ಲ.

ಇದಕ್ಕಿಂತ ಕಷ್ಟದ ಆಕ್ಷೇಪಣೆ ಒಂದಿದೆ. ಓಫುನಾತೊದ ಉಳಿದ ಹುಡುಗರ ಗತಿಯೇನು? ಅವರಲ್ಲಿ ಬಹುಮಂದಿಗೆ ಅದು ಜೀವನದ ಕೊನೆಯ ದೊಡ್ಡ ಪಂದ್ಯ. ಒಬ್ಬನ ಭವಿಷ್ಯಕ್ಕಾಗಿ ಎಲ್ಲರ ಕನಸನ್ನು ಬಲಿಕೊಡಬಹುದೇ? ನನ್ನ ಮೊಮ್ಮಗನ ಕೋಪದಲ್ಲಿಯೂ ಇದೇ ಮಾತಿತ್ತು. "ನನಗಾಗಿ ಅಲ್ಲ ತಾತ, ಎಲ್ಲರೂ ನನ್ನನ್ನೇ ನಂಬಿದ್ದರು" ಎಂದ. ಇದಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಆ ನಷ್ಟ ನಿಜವಾದ ನಷ್ಟ. ಅದನ್ನು ಹಗುರಾಗಿ ಕಾಣಬಾರದು. ಆದರೆ ಹನ್ನೊಂದು ಮಂದಿಯ ಕನಸನ್ನು ಒಂದು ಮಗುವಿನ ಮೊಣಕೈಗೆ ನೇತುಹಾಕಿದವರು ಯಾರು? ಎರಡನೆಯ, ಮೂರನೆಯ ಪಿಚರ್‌ನನ್ನು ತಯಾರುಮಾಡದ ದೊಡ್ಡವರಲ್ಲವೇ? ನನ್ನ ಶಾಲೆಯ ತಂಡದಲ್ಲಿ ಇನ್ನೂ ಮೂವರು ಬೌಲ್ ಮಾಡಬಲ್ಲವರಿದ್ದರು. ಕಪ್ಪಿನ ಆಸೆಗೆ ನಾನು ಅವರ ಕೈಗೆ ಚೆಂಡು ಕೊಟ್ಟಿರಲಿಲ್ಲ.

ಈಗ ನನ್ನ ಅಭಿಪ್ರಾಯ. ಎಣಿಕೆಯ ನಿಜವಾದ ಉಪಯೋಗ ಮೂಳೆ, ರಜ್ಜುಗಳ ರಕ್ಷಣೆಯಷ್ಟೇ ಅಲ್ಲ. "ಸಾಕು" ಎಂಬ ಮಾತನ್ನು ಮಗುವಿನ ಬಾಯಿಂದ ಹೊರಡಿಸಬೇಕಾದ ಅಗತ್ಯವನ್ನು ಅದು ತಪ್ಪಿಸುತ್ತದೆ. ನಾವು ಮಗುವನ್ನು "ನೋವಿದೆಯೇ?" ಎಂದು ಕೇಳುತ್ತೇವೆ. ಗೆಳೆಯರೆಲ್ಲ ನೋಡುತ್ತಿರುವಾಗ, ಕೋಚ್ ಕಾಯುತ್ತಿರುವಾಗ, ಯಾವ ಮಗು ಹೌದೆಂದೀತು? ಮೂವತ್ತು ವರ್ಷಕ್ಕೂ ಮೀರಿ ತರಗತಿಯಲ್ಲಿ ನಿಂತವನು ನಾನು. "ಅರ್ಥವಾಯಿತೇ?" ಎಂದು ಕೇಳಿದರೆ ಇಡೀ ತರಗತಿ ಹೌದೆನ್ನುತ್ತದೆ ಎಂಬುದು ನನಗೆ ಗೊತ್ತಿರಬೇಕಾಗಿತ್ತು. ಅಂಥ ಪ್ರಶ್ನೆ ಕೇಳಿ, ಬಂದ ಉತ್ತರವನ್ನು ನಂಬಿ, ಮುಂದಿನ ಹೊಣೆಯನ್ನು ಮಗುವಿನ ಮೇಲೆ ಹಾಕುವುದು ಹಿರಿಯರ ಜಾಣತನ. ಸಂಖ್ಯೆಗೆ ಈ ದಾಕ್ಷಿಣ್ಯವಿಲ್ಲ. 71 ಎಂದರೆ 71. ನಾಲ್ಕು ದಿನ ವಿಶ್ರಾಂತಿ. ಹುಡುಗ ಹೇಡಿಯೂ ಆಗಬೇಕಿಲ್ಲ, ಸುಳ್ಳೂ ಹೇಳಬೇಕಿಲ್ಲ.

ಎರಡನೆಯ ಮಾತು: ಎಸೆತಗಳ ಲೆಕ್ಕ ತಂಡದ್ದಾಗಬಾರದು, ಮಗುವಿನದಾಗಬೇಕು. ಒಂದು ತಂಡದ ಪುಸ್ತಕದಲ್ಲಿ ಬರೆದದ್ದು ಇನ್ನೊಂದು ತಂಡದ ಕಣ್ಣಿಗೆ ಬೀಳುವುದಿಲ್ಲ. ಖಾಸಗಿ ತರಬೇತಿಯಲ್ಲಿ ಎಸೆದದ್ದು ಎಲ್ಲಿಯೂ ಬೀಳುವುದಿಲ್ಲ. ತೋಳಿಗೆ ಮಾತ್ರ ಎಲ್ಲವೂ ಜಮೆಯಾಗುತ್ತದೆ. ಆದ್ದರಿಂದ ಲೆಕ್ಕ ಮನೆಯಲ್ಲಿರಬೇಕು. ಇಪ್ಪತ್ತು ರೂಪಾಯಿಯ ನೋಟ್ ಪುಸ್ತಕ ಸಾಕು: ದಿನಾಂಕ, ಎಲ್ಲಿ, ಎಷ್ಟು, ಮರುದಿನ ಬೆಳಿಗ್ಗೆ ಕೈ ಹೇಗಿತ್ತು. ಪಿಚ್ ಮಾಡಿದ ದಿನವೇ ಕ್ಯಾಚರ್ ಆಗಿಯೂ ಕೂರಿಸಿ ಮತ್ತೆ ಮತ್ತೆ ಎಸೆಯಿಸುವುದನ್ನು ಒಪ್ಪಬೇಡಿ. ಟೆಕ್ಸಸ್‌ನಂಥ ಬೆಚ್ಚಗಿನ ನಾಡಿನಲ್ಲಿ ವರ್ಷವಿಡೀ ಆಟ ನಡೆಯುತ್ತದೆ. ಹಾಗೆಂದು ತೋಳೂ ವರ್ಷವಿಡೀ ದುಡಿಯಬೇಕಾಗಿಲ್ಲ. ನಾಲ್ಕು ತಿಂಗಳು ಹುಡುಗ ಫುಟ್‌ಬಾಲ್ ಒದೆಯಲಿ, ಓಡಲಿ. ಮೊಣಕೈ ಅಥವಾ ಭುಜ ನೋಯುತ್ತಿದೆಯೆಂದರೆ ಎಣಿಕೆ ಐದೇ ಇದ್ದರೂ ಅಂದಿನ ಆಟ ಮುಗಿಯಿತು.

ಬೆಂಗಳೂರು, ಮೈಸೂರುಗಳ ಅಕಾಡೆಮಿಗಳಿಗೆ ಮಕ್ಕಳನ್ನು ಕಳಿಸುತ್ತಿರುವ ನನ್ನ ವಿದ್ಯಾರ್ಥಿಗಳು ಇದು ಅಮೆರಿಕದ ಮಾತೆಂದು ಪಕ್ಕಕ್ಕಿಡಬಾರದು. ವೇಗದ ಬೌಲಿಂಗ್ ಮಾಡುವ ಮಗುವಿನ ಬೆನ್ನಿಗೂ ಇಂಥದೇ ಒಂದು ಪುಸ್ತಕ ಬೇಕು. ಶಾಲೆ, ಕ್ಲಬ್ಬು, ನೆಟ್ಸ್ ಮೂರನ್ನೂ ಕೂಡಿ ಬರೆಯಿರಿ.

ಮೂರನೆಯ ದಿನ ಸಂಜೆ ಮೊಮ್ಮಗ ನನ್ನ ಕೋಣೆಗೆ ಬಂದ. ರಾಜಿಯ ಮಾತೇನೂ ಆಡಲಿಲ್ಲ. "ಆ ಬೌಲರ್ ಈಗ ಏನು ಮಾಡುತ್ತಿದ್ದಾರೆ ತಾತ?" ಎಂದು ಕೇಳಿದ. ಊರಿನಲ್ಲಿ ಜಮೀನು ನೋಡಿಕೊಂಡು ಚೆನ್ನಾಗಿಯೇ ಇದ್ದಾರೆಂದು ಕೇಳಿದ್ದೇನೆ ಎಂದೆ. "ನೀವು ಅವರಿಗೆ ಸಾರಿ ಹೇಳಿದಿರಾ?" ಎಂದ.

ಹೇಳಿರಲಿಲ್ಲ. ಇಷ್ಟು ವರ್ಷಗಳಲ್ಲಿ ಎರಡು ಮದುವೆಗಳಲ್ಲಿ ಎದುರಾಗಿ ನಮಸ್ಕಾರ ಮಾಡಿಕೊಂಡಿದ್ದೇವೆ. ಆತ ಬಗ್ಗಿ ಕಾಲು ಮುಟ್ಟಲು ಬಂದಾಗ ಬೆನ್ನು ಹಿಡಿದುಕೊಂಡದ್ದನ್ನು ಕಂಡೂ ನಾನು ಮಳೆ ಬೆಳೆಯ ಮಾತಾಡಿದ್ದೇನೆ. ಈ ಬರಹವನ್ನು ಓದುವ ನಿಮ್ಮಲ್ಲಿ ಅವರ ತರಗತಿಯವರು ಕೆಲವರಿದ್ದೀರಿ. ಯಾರೆಂಬುದು ನಿಮಗೆ ತಿಳಿದಿರುತ್ತದೆ. ಇದನ್ನು ಅವರಿಗೆ ಓದಿ ಹೇಳಿ. ಮುಂದಿನ ತಿಂಗಳು ಊರಿಗೆ ಹೋದಾಗ ನಾನೇ ಅವರ ಮನೆಗೆ ಹೋಗುವವನಿದ್ದೇನೆ.